ನಾಣ್ಯ ಬೀಳದ ಕೈ

ನಮ್ಮ ಯಜಮಾನರದು ಕನ್ನಡಕದ ಅಂಗಡಿ. ವಾರವೆಲ್ಲ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ, "ಕೊನೇ ಸಾಲು ಓದಿ" ಅನ್ನುವುದು ಅವರ ಕಸುಬು. ವಾರಕ್ಕೊಂದು ದಿನ ಮಾತ್ರ ಅವರು ವೀರರಾಗುತ್ತಾರೆ. ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಗುರಿಕಾರರ ಕ್ಲಬ್ಬು ಅಂತ ಒಂದಿದೆ. ಇವರಂಥವರೇ ಒಂದಿಷ್ಟು ಗಂಡಸರು ಅಲ್ಲಿ ಸೇರಿ, ಯಾರ ಗೊಡವೆಗೂ ಹೋಗದೆ ಸುಮ್ಮನೆ ನಿಂತ ಕಾಗದದ ಮೇಲೆ ಗುಂಡು ಹಾರಿಸುತ್ತಾರೆ. ಆಮೇಲೆ ಆ ಕಾಗದವನ್ನು ಸುರುಳಿ ಸುತ್ತಿ, ಮನೆಗೆ ತಂದು ಹೆಂಡತಿಯರ ಮುಂದೆ ಬಿಡಿಸುತ್ತಾರೆ. ನಾನೂ ಎಷ್ಟೋ ಸಲ ನೋಡಿದ್ದೇನೆ. ತೂತು ಬಿದ್ದ ಕಾಗದ, ಅಷ್ಟೇ. ಅದರಲ್ಲಿ ಇನ್ನೇನು ಕಾಣಬೇಕೋ ನನಗಂತೂ ಈವರೆಗೆ ತಿಳಿದಿಲ್ಲ.

ನನ್ನದು ಡ್ರೈ ಕ್ಲೀನಿಂಗ್ ಅಂಗಡಿ. ಯಾರು ಎಂಥವರೆಂದು ಅವರ ಮುಖಕ್ಕಿಂತ ಮೊದಲು ಜೇಬು ನನಗೆ ಹೇಳಿಬಿಡುತ್ತದೆ. ಕ್ಲಬ್ಬಿನವರ ಬಟ್ಟೆಗಳೂ ನನ್ನಲ್ಲಿಗೇ ಬರುತ್ತವೆ. ಹಸಿರುಮಣ್ಣು ಬಣ್ಣ, ಮೈತುಂಬ ಜೇಬು, ಭುಜಕ್ಕೊಂದು ಪಟ್ಟಿ. ಕಾಡಿನಲ್ಲಿ ತಿಂಗಳುಗಟ್ಟಲೆ ಅಡಗಿ ಕೂರುವವರು ತೊಡಬೇಕಾದ ಉಡುಪು. ಆ ಜೇಬುಗಳನ್ನು ಬರಿದು ಮಾಡಿದರೆ ಸಿಗುವುದು ಪೆಪ್ಪರ್‌ಮಿಂಟು, ಗ್ಯಾಸಿನ ಮಾತ್ರೆ, ಮಡಿಸಿಟ್ಟ ಕರವಸ್ತ್ರ, ಮಂಡಿನೋವಿಗೆ ಹಚ್ಚುವ ಮುಲಾಮು. ಯುದ್ಧಕ್ಕೆ ಹೊರಟವರ ಸರಂಜಾಮು ಇದು.

ಒಮ್ಮೆ ನಮ್ಮ ಯಜಮಾನರ ಪ್ಯಾಂಟಿನ ಜೇಬಿನಲ್ಲಿ ನಿಜವಾದ ಗುಂಡೇ ಸಿಕ್ಕಿತು. ಇಸ್ತ್ರಿ ಮೇಜಿನ ಮೇಲೆ ಬಟ್ಟೆ ಹರಡಿ ಕೈಯಾಡಿಸುವಾಗ ಬೆರಳಿಗೆ ತಾಗಿತು. ಮನೆಗೆ ತಂದು ಊಟದ ತಟ್ಟೆಯ ಪಕ್ಕದಲ್ಲಿ ಕುಕ್ಕಿದೆ.

"ಇದು ಇಸ್ತ್ರಿ ಪೆಟ್ಟಿಗೆ ಕೆಳಗೆ ಬಂದಿದ್ರೆ ಏನ್ರೀ ಗತಿ?"

"ಹಾಗೆಲ್ಲ ಸಿಡಿಯೋದಿಲ್ಲ ಅದು. ನಿನಗೆ ಗೊತ್ತಾಗಲ್ಲ ಬಿಡು."

ಈ "ನಿನಗೆ ಗೊತ್ತಾಗಲ್ಲ" ಅನ್ನುವುದು ಕ್ಲಬ್ಬಿಗೆ ಸೇರಿದ ಮೇಲೆ ಅವರ ಬಾಯಿಗೆ ಹತ್ತಿದ ಮಾತು. ಆದರೆ ದಿನವೂ ಊಟಕ್ಕೆ ಕೂತಾಗ ಅದೇ ಪಾಠ ಒಪ್ಪಿಸುತ್ತಿದ್ದರೆ ಗೋಡೆಗೂ ಗೊತ್ತಾಗುತ್ತದೆ. ಪಿಸ್ತೂಲಿನ ಹಿಡಿಯೊಳಗೆ ಗುಂಡುಗಳ ಡಬ್ಬಿ ಇರುತ್ತದೆ, ಅದಕ್ಕೆ ಮ್ಯಾಗಜೀನು ಅನ್ನುತ್ತಾರೆ. ಬರಿದು ಮಾಡುವಾಗ ಮೊದಲು ಅದನ್ನು ಕಳಚಬೇಕು. ಆಮೇಲೆ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಎಳೆದು, ನಳಿಗೆಯಲ್ಲಿ ಕೂತ ಗುಂಡನ್ನು ಹೊರಕ್ಕೆ ಬೀಳಿಸಬೇಕು. ಹಿಂದುಮುಂದಾದರೆ ಒಂದು ಗುಂಡು ಹೊರಗೆ ಬಿದ್ದ ಜಾಗಕ್ಕೆ ಡಬ್ಬಿಯಿಂದ ಇನ್ನೊಂದು ಏರಿ ಕೂತುಬಿಡುತ್ತದೆ. ಇಷ್ಟಾದ ಮೇಲೆ ಇನ್ನೊಬ್ಬರು ನಳಿಗೆಗೆ ಇಣುಕಿ, ಕಣ್ಣಾರೆ ಕಂಡು, "ಖಾಲಿ" ಅನ್ನಬೇಕು. ಕ್ಲಬ್ಬಿನ ಕಟ್ಟಳೆ ಅದು. ಆದರೆ ಕಾಲ ಕಳೆದಂತೆ ಆ "ಖಾಲಿ"ಯೂ ದಾರಿಯಲ್ಲಿ ಎದುರಾದವರನ್ನು ಚೆನ್ನಾಗಿದ್ದೀರಾ ಎಂದು ಕೇಳುವಷ್ಟೇ ಕಾಟಾಚಾರದ ಮಾತಾಗಿತ್ತು. ಇಣುಕಿ ನೋಡುವುದು ಹೊಸಬರಿಗೆ ಮಾತ್ರ. ಹಳಬರ ಪಿಸ್ತೂಲಿಗೆ ಇಣುಕಿದರೆ ಅವರಿಗೆ ಅವಮಾನ ಮಾಡಿದಂತೆ.

ನಮ್ಮ ಯಜಮಾನರು ಹಳಬರು ಮಾತ್ರವಲ್ಲ, ಕ್ಲಬ್ಬಿನವರ ಬಾಯಲ್ಲಿ "ಕಲ್ಲುಕೈ". ಕೈ ಅಷ್ಟು ಗಟ್ಟಿ ಎಂದು ಹೆಗ್ಗಳಿಕೆ. ಖಾಲಿ ಪಿಸ್ತೂಲಿನ ಮೂತಿಯ ಮೇಲೆ ಒಂದು ನಾಣ್ಯ ಇಟ್ಟು, ಗುರಿ ಹಿಡಿದು, ಕುದುರೆ ಎಳೆಯಬೇಕು, ಟ್ರಿಗರು ಅನ್ನುತ್ತಾರಲ್ಲ ಅದನ್ನು. ಟಕ್ ಎಂದಾಗ ನಾಣ್ಯ ಅಲುಗಬಾರದು. ಉಳಿದವರ ನಾಣ್ಯ ಉರುಳಿ ಹೋಗುತ್ತದೆ, ಇವರದು ಅಂಟಿಸಿದ ಹಾಗೆ ಕೂತಿರುತ್ತದೆ. ಪಿಸ್ತೂಲು ಮನೆಗೆ ಬಂದ ಮೇಲಂತೂ ಯಾರೇ ಬರಲಿ, ಹಾಲಿನವನನ್ನೂ ಬಿಡದೆ ನಿಲ್ಲಿಸಿಕೊಂಡು ಇದನ್ನು ತೋರಿಸುತ್ತಿದ್ದರು. ಆ ಕೈ ಮನೆಯ ನಲ್ಲಿಗೆ ಒಂದು ವಾಷರ್ ಹಾಕಿದ್ದನ್ನು ನಾನು ಕಂಡಿಲ್ಲ.

ಮೊದಲೆಲ್ಲ ಪಿಸ್ತೂಲು ಕ್ಲಬ್ಬಿನ ಕಬ್ಬಿಣದ ಬೀರುವಿನಲ್ಲೇ ಇರುತ್ತಿತ್ತು. ಅದನ್ನು ಮನೆಗೆ ತರಿಸಿದ್ದು ಕ್ಲಬ್ಬಿನ ಮೇಜರ್. ಈ ಮೇಜರ್ ಮಾರುವುದು ನೀರಿನ ಟ್ಯಾಂಕು, ಸೈನ್ಯದ ಬಾಗಿಲು ತುಳಿದವರಲ್ಲ. ಮೀಸೆ ನೋಡಿ ಯಾರೋ ಹಾಗೆ ಕರೆದರು, ಅವರು ಅದನ್ನು ನಿಜವೆಂದೇ ನಂಬಿಕೊಂಡರು. "ಕಳ್ಳ ಬಂದಾಗ ಕ್ಲಬ್ಬಿಗೆ ಓಡ್ತೀರಾ?" ಎಂದು ಅವರು ಕೇಳಿದ್ದೇ ತಡ, ನಮ್ಮವರು ಪಿಸ್ತೂಲು ತಂದು ಮುಂದಿನ ಹಾಲಿನಲ್ಲಿದ್ದ ಬೀರುವಿನಲ್ಲಿಟ್ಟರು, ಗುಂಡು ತುಂಬಿಯೇ. ಖಾಲಿ ಇಟ್ಟರೆ ಇಟ್ಟೂ ಪ್ರಯೋಜನವಿಲ್ಲವಂತೆ.

ಅವತ್ತಿನಿಂದ ನನಗೂ ನನ್ನ ಅತ್ತೆಗೂ ನೆಮ್ಮದಿ ಇಲ್ಲ. ಅತ್ತೆ ಟೈಪಿಂಗ್ ಶಾಲೆ ನಡೆಸಿದವರು. ಬೆನ್ನು ನೆಟ್ಟಗಿಟ್ಟು ಕೂರದವರಿಗೆ ಅವರು ಅಕ್ಷರ ಹೇಳಿಕೊಡುತ್ತಿರಲಿಲ್ಲವಂತೆ. ಶಾಲೆ ಮುಚ್ಚಿದ ಮೇಲೆ ಅಲ್ಲಿಂದ ತಂದದ್ದು ಬೆತ್ತ ಹೆಣೆದ ಒಂದು ಕುರ್ಚಿ. ಹಾಲಿಗೂ ಅವರ ಕೋಣೆಗೂ ನಡುವೆ ತೆಳು ಹಲಗೆಯ ಅಡ್ಡಗೋಡೆ. ಅದಕ್ಕೆ ಬೆನ್ನು ಮಾಡಿ ಆ ಕುರ್ಚಿ ಹಾಕಿಕೊಂಡು, ಮಧ್ಯಾಹ್ನವೆಲ್ಲ ಕಿಟಕಿ ಬೆಳಕಿನಲ್ಲಿ ಓದುತ್ತಾ ಕೂರುತ್ತಾರೆ. ಈಗಲೂ ಬೆನ್ನು ನೆಟ್ಟಗೇ ಇದೆ.

"ಅದನ್ನ ಕ್ಲಬ್ಬಲ್ಲೇ ಇಡಪ್ಪ," ಎಂದರು ಅತ್ತೆ ಮಗನಿಗೆ.

"ನಿನಗೋಸ್ಕರಾನೇ ತಂದಿದ್ದಮ್ಮ. ನಾವಿಬ್ರೂ ಅಂಗಡಿಗೆ ಹೋದ್ರೆ ನೀನೊಬ್ಳೇ ಅಲ್ವಾ ಇರೋದು."

"ನಾನೊಬ್ಳೇ ಇದ್ದಾಗ ಕಳ್ಳ ಬಂದ್ರೆ, ಅದನ್ನ ನಾನು ಹಾರಿಸ್ಬೇಕಾ?"

ಮಾತಿನಲ್ಲಿ ಸಿಕ್ಕಿಬಿದ್ದಾಗ ಎಲ್ಲ ಗಂಡಸರೂ ಮಾಡುವಂತೆ ನಮ್ಮವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಪಿಸ್ತೂಲು ಬೀರುವಿನಲ್ಲೇ ಉಳಿಯಿತು. ನಾನು ಬೇಡಿಕೊಂಡೆ, ಜಗಳವಾಡಿದೆ, ಮಾತು ಬಿಟ್ಟೆ. ಬಂಡೆಗೆ ಹೇಳಿದ್ದರೆ ಅದಾದರೂ ಕರಗುತ್ತಿತ್ತು.

ರಜೆಯ ಒಂದು ಮಧ್ಯಾಹ್ನ ಮೇಜರ್ ಬಂದರು. ಜೊತೆಗೆ ಹಲ್ಲಿನ ಡಾಕ್ಟರು. ಈ ಡಾಕ್ಟರು ಕ್ಲಬ್ಬಿಗೆ ಹೊಸಬರು, ಕಲ್ಲುಕೈಯ ಪವಾಡ ನೋಡಲೆಂದೇ ಬಂದದ್ದು. ಇಬ್ಬರೂ ಬೂಟುಗಾಲಿನಲ್ಲೇ ಒಳಗೆ ಬಂದು, ಸೋಫಾದಲ್ಲಿ ಕಾಲು ಚಾಚಿ ಕೂತು, ದೇಶ ಹೇಗೆ ಕೆಟ್ಟಿದೆ, ತಮ್ಮಂಥವರು ಹೇಗೆ ಅದನ್ನು ಕಾಯಬೇಕಾಗಿದೆ ಎಂದು ಬಡಾಯಿ ಕೊಚ್ಚತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಗೆ ಹೋಗಿ ಸುಮ್ಮನೆ ನಿಂತೆ. ಒಂದು ಲೋಟ ನೀರನ್ನೂ ಕೊಡಲಿಲ್ಲ.

ಅತ್ತೆ ಕೋಣೆಯಿಂದ ಎದ್ದು ಬಂದರು. ಕೈಯಲ್ಲಿದ್ದ ಪುಸ್ತಕವನ್ನು ಕುರ್ಚಿಯಲ್ಲೇ ಕವುಚಿ ಬಂದಿದ್ದರು.

"ಟೀ ಇಟ್ಟಿಲ್ವಾ?"

"ಇಡಲ್ಲ ಅತ್ತೆ. ನನ್ನ ಕೈಲಿ ಆಗಲ್ಲ."

"ನಿನ್ನ ಕೋಪ ನಿನಗಿರ್ಲಿ. ಸರಿ ಆ ಕಡೆ, ನಾನೇ ಮಾಡ್ತೀನಿ. ಓದೋಕೂ ಬಿಡ್ತಿಲ್ಲ ಇವರ ಗಲಾಟೆ," ಎಂದು ಅವರೇ ಪಾತ್ರೆ ಇಟ್ಟರು.

ಅಡುಗೆಮನೆಯಿಂದ ಹಾಲಿಗೆ ತಟ್ಟೆ ದಾಟಿಸಲು ಒಂದು ಕಿಂಡಿ ಇದೆ. ಅದರಲ್ಲಿ ನನಗೆ ಎಲ್ಲವೂ ಕಾಣುತ್ತಿತ್ತು. ನಮ್ಮವರು ಪಿಸ್ತೂಲು ತೆಗೆದರು. ಒಂದು ಕಣ್ಣು ಡಾಕ್ಟರ ಮುಖದ ಮೇಲೆ, ಬಾಯಲ್ಲಿ ಅದೇ ಪಾಠ. ಹೇಳುತ್ತಾ ಹೇಳುತ್ತಾ ಠೀವಿಯಿಂದ ಮೇಲ್ಭಾಗವನ್ನು ಹಿಂದಕ್ಕೆ ಎಳೆದುಬಿಟ್ಟರು. ಗುಂಡೊಂದು ಚಿಮ್ಮಿ ಸೋಫಾದ ಮೇಲೆ ಬಿತ್ತು. ಡಾಕ್ಟರು ಅದನ್ನು ಆರಿಸಿ, ಹಲ್ಲು ಹಿಡಿದು ನೋಡುವ ಹಾಗೆ ಬೆಳಕಿಗೆ ಹಿಡಿದು ಮೆಚ್ಚಿಕೊಂಡರು. ಆಮೇಲೆ ನಮ್ಮವರು ಮ್ಯಾಗಜೀನು ಕಳಚಿ ಟೀಪಾಯಿ ಮೇಲಿಟ್ಟರು. ಮೊದಲು ಆಗಬೇಕಾದದ್ದು ಆಮೇಲೆ ಆಯಿತು. ಗುಂಡು ಬಿದ್ದದ್ದನ್ನು ಎಲ್ಲರೂ ಕಂಡಿದ್ದರಲ್ಲ, ಇನ್ನು ಒಳಗೆ ಇಣುಕುವುದು ಯಾತಕ್ಕೆ?

"ಖಾಲಿ," ಎಂದರು ಮೇಜರ್, ಮೀಸೆ ತೀಡುತ್ತಾ, ಕಿಟಕಿಯ ಕಡೆ ನೋಡುತ್ತಾ.

ನನಗೆ ಏನೋ ಸರಿಯಿಲ್ಲ ಅನ್ನಿಸಿತೇ ಹೊರತು ಏನೆಂದು ಹೊಳೆಯುವಷ್ಟರಲ್ಲಿ ಪಿಸ್ತೂಲಿನ ಮೇಲೆ ನಾಣ್ಯ ಕೂತಿತ್ತು. ಅಡ್ಡಗೋಡೆಯ ಮೇಲಿನ ಲೈಟಿನ ಸ್ವಿಚ್ಚೇ ಗುರಿ. ನಮ್ಮವರು ಕುದುರೆ ಎಳೆದರು. ಟಕ್ ಅನ್ನಬೇಕಿತ್ತು.

ಮನೆ ಒಡೆದು ಬಿತ್ತೇನೋ ಅನ್ನಿಸಿತು. ಕಿವಿ ಗುಂಯ್‌ಗುಟ್ಟಿತು. ಅತ್ತೆಯ ಕೈ ಹಿಡಿದುಕೊಂಡೆ, ಅವರು ನನ್ನ ಪಕ್ಕದಲ್ಲೇ ಇದ್ದಾರೆಂದು ಮುಟ್ಟಿ ನೋಡಬೇಕಿತ್ತು. ಅವರು ನನ್ನ ಕೈ ಬಿಡಿಸಿಕೊಂಡು, ಟೀ ತಟ್ಟೆ ಎತ್ತಿಕೊಂಡು ಹಾಲಿಗೆ ನಡೆದರು. ಒಂದು ತೊಟ್ಟೂ ಚೆಲ್ಲಲಿಲ್ಲ.

ಹಾಲಿನಲ್ಲಿ ಹೊಗೆಯ ವಾಸನೆ. ನಮ್ಮ ಯಜಮಾನರು ಮಂಡಿಯೂರಿ, ತಲೆಯನ್ನು ಸೋಫಾದ ಅಡಿಗೆ ತೂರಿಸಿ, ಏನನ್ನೋ ತಡಕಾಡುತ್ತಿದ್ದರು.

"ಏನು ಹುಡುಕ್ತಿದೀಯಪ್ಪ?" ಎಂದರು ಅತ್ತೆ.

"ಚಿಪ್ಪು ಅಮ್ಮ. ಗುಂಡಿನ ಚಿಪ್ಪು. ಹಿತ್ತಾಳೇದು."

ಗುಂಡು ಹಾರಿದ ಮೇಲೆ ಚಿಪ್ಪು ಆರಿಸಿಕೊಳ್ಳಬೇಕೆನ್ನುವುದು ಕ್ಲಬ್ಬಿನ ಅಭ್ಯಾಸ. ಗೋಡೆಯಾಚೆ ತಾಯಿ ಕೂರುವ ಜಾಗವಿದೆ ಅನ್ನುವುದು ಆ ತಲೆಗೆ ಹೊಳೆಯುವ ಮೊದಲು ಚಿಪ್ಪು ಹೊಳೆದಿತ್ತು.

"ಸಿಕ್ತಾ?"

"ಸಿಕ್ತು," ಎಂದು ಅವರು ತಲೆಯೆತ್ತಿದರು. ಆಗ ಅಮ್ಮನ ಮುಖ ಕಂಡಿತು. ಆಮೇಲೆ ಗೋಡೆ ಕಂಡಿತು. ಸ್ವಿಚ್ಚಿಗಿಂತ ಒಂದು ಮೊಳ ಕೆಳಗೆ ದುಂಡನೆಯ ತೂತು. ಅಲುಗದ ಕಲ್ಲುಕೈಯ ಗುರಿ ಅಷ್ಟು ತಪ್ಪಿತ್ತು.

ಎಲ್ಲರೂ ಕೋಣೆಗೆ ಓಡಿದೆವು. ಗುಂಡು ಹಲಗೆ ತೂರಿ, ಕುರ್ಚಿಯ ಬೆನ್ನಿನ ಬೆತ್ತ ಹರಿದು, ಎದುರಿನ ಬಟ್ಟೆಗಂಟಿನಲ್ಲಿ ಹುದುಗಿತ್ತು. ಪುಸ್ತಕ ಕುರ್ಚಿಯಲ್ಲಿ ಕವುಚಿದ ಹಾಗೆಯೇ ಇತ್ತು. ನಾನು ಬಾಗಿಲು ಹಿಡಿದು ನಿಂತೆ. ಆ ಇಬ್ಬರು ಮಹನೀಯರಿಗೆ ಮಾತ್ರ ನಾಲಗೆ ಚೆನ್ನಾಗಿಯೇ ಆಡುತ್ತಿತ್ತು.

ಡಾಕ್ಟರು ಜೇಬಿನ ಪೆನ್ನು ತೆಗೆದು ಗೋಡೆಯ ತೂತಿಗೆ ಹಾಕಿ ನೋಡಿದರು. "ಒಳ್ಳೆ ನೇರವಾಗಿ ಹೋಗಿದೆ."

"ಮೂತಿ ಚಪ್ಪಟೆ ಇರೋ ಗುಂಡು ಹಾಕ್ಬೇಕಿತ್ತು ಕಣ್ರೀ," ಎಂದರು ಮೇಜರ್. "ಅದಾಗಿದ್ರೆ ಇಷ್ಟು ದೂರ ಬರ್ತಿರ್ಲಿಲ್ಲ. ಒಂದು ಮಾತು ಹೇಳ್ತೀನಿ, ಗುಂಡು ಹಾರೋವರೆಗೂ ನಾಣ್ಯ ಅಲುಗ್ಲಿಲ್ಲ. ನಾನು ನೋಡ್ತಾನೇ ಇದ್ದೆ."

"ಖಾಲಿ ಅಂದವರು ಯಾರು?" ಎಂದೆ ನಾನು.

ಮೇಜರ್ ಕೆಮ್ಮಿದರು.

"ಈ ಕುರ್ಚೀಲಿ ದಿನಾ ಯಾರು ಕೂರ್ತಾರೆ ಅಂತ ಗೊತ್ತೇನ್ರೀ ನಿಮಗೆ?"

"ಅದನ್ನೇ ಹೇಳ್ತಿರೋದು ತಂಗಿ. ಈ ಗೋಡೆಗೆ ಕುರ್ಚಿ ಹಾಕಿದ್ದೇ ತಪ್ಪು. ಆ ಕಡೆ ಕಿಟಕಿ ಪಕ್ಕ ಹಾಕಿದ್ರೆ ಏನೂ ತೊಂದ್ರೆ ಇರ್ಲಿಲ್ಲ."

ನಮ್ಮ ಯಜಮಾನರ ಮುಖಕ್ಕೆ ಸ್ವಲ್ಪ ಜೀವ ಬಂತು. ತಪ್ಪು ಕುರ್ಚಿಯದು ಎಂದು ತೀರ್ಮಾನವಾಯಿತಲ್ಲ. ತಿಪ್ಪೆ ಸಾರಿಸಲು ಇಷ್ಟು ಬೇಗ ದಾರಿ ಸಿಗುತ್ತದೆಂದು ಅವರೂ ಅಂದುಕೊಂಡಿರಲಿಲ್ಲ. "ಹೌದಮ್ಮ, ಈಗ್ಲೇ ಸರಿಸಿಬಿಡ್ತೀನಿ," ಎಂದು ಮುಂದೆ ಬಂದರು. ಅಷ್ಟು ಹೇಸಿಗೆ ನನಗೆ ಯಾವ ಕೊಳಕು ಬಟ್ಟೆಯನ್ನು ಮುಟ್ಟುವಾಗಲೂ ಆಗಿಲ್ಲ.

ಅತ್ತೆ ಟೀ ತಟ್ಟೆಯನ್ನು ಮಂಚದ ಮೇಲಿಟ್ಟರು. ಪುಸ್ತಕ ತೆಗೆದು, ಕುರ್ಚಿಯಲ್ಲಿ ಕೂತರು. ಬೆನ್ನು ನೆಟ್ಟಗೆ.

"ಸರಿಸೋದು ಆಮೇಲೆ. ಹಿಂದೆ ಬಾ. ಆ ಬೆತ್ತ ಹರಿದಿದೆಯಲ್ಲ, ಅದರೊಳಗೆ ಬೆರಳು ಹಾಕು."

"ಅಮ್ಮ, ಯಾಕಮ್ಮ ಅದೆಲ್ಲ."

"ಹಾಕು."

ಟೈಪಿಂಗ್ ಶಾಲೆಯ ದನಿ ಅದು. ನಮ್ಮವರು ಕುರ್ಚಿಗೂ ಗೋಡೆಗೂ ನಡುವೆ ತೂರಿಕೊಂಡು, ಮಂಡಿಯೂರಿ, ತೋರುಬೆರಳನ್ನು ಹರಿದ ಬೆತ್ತದೊಳಗೆ ತೂರಿಸಿದರು. ಕುದುರೆ ಎಳೆಯುವ ಬೆರಳೇ ಅದು.

"ಎಲ್ಲಿ ತಾಗ್ತು?"

ಅವರು ನನ್ನ ಕಡೆ ನೋಡಿದರು.

"ಹೇಳಪ್ಪ. ನನಗೆ ಗೊತ್ತಾಗ್ತಿದೆ, ನಿನ್ನ ಬಾಯಲ್ಲಿ ಕೇಳ್ಬೇಕು."

"ಬೆನ್ನಿಗಮ್ಮ. ಬೆನ್ನುಮೂಳೆಗೆ."

"ತೆಗೀಬೇಡ, ಹಾಗೇ ಇಡು," ಎಂದು ಅತ್ತೆ ಎದುರಿನ ಕಿಟಕಿ ನೋಡುತ್ತಾ ಕೂತರು. ಮೇಜರ್ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಡಾಕ್ಟರು ಯಾವಾಗಲೋ ಜಾಗ ಖಾಲಿ ಮಾಡಿದ್ದರು.

"ನಡುಗ್ತಿದೆ ನಿನ್ನ ಕೈ," ಎಂದರು ಅತ್ತೆ, ಬಹಳ ಮೆಲ್ಲಗೆ. "ನನ್ನ ಬೆನ್ನಿಗೆ ಗೊತ್ತಾಗ್ತಿದೆ. ಈಗ ನಾಣ್ಯ ಇಟ್ಟಿದ್ರೆ ಬಿದ್ದು ಹೋಗ್ತಿತ್ತು."

ನಮ್ಮ ಯಜಮಾನರು ಹಣೆಯನ್ನು ಕುರ್ಚಿಯ ಬೆನ್ನಿಗೆ ಒತ್ತಿ ಅಳತೊಡಗಿದರು. ನನಗೆ ಕನಿಕರ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

"ಕುರ್ಚಿ ಇಲ್ಲೇ ಇರತ್ತೆ," ಎಂದರು ಅತ್ತೆ. "ಹೋಗ್ಬೇಕಾದ್ದು ಅದು. ಟೀ ಆರೋದ್ರೊಳಗೆ ತಗೊಂಡು ಹೋಗು."

ನಮ್ಮವರು ಎದ್ದು, ಕಣ್ಣೊರೆಸಿಕೊಂಡು, ಪಿಸ್ತೂಲಿನ ಪೆಟ್ಟಿಗೆ ಹಿಡಿದು ಹೊರಟರು. ಹಿಂದೆ ಮೇಜರ್. ಅತ್ತೆ ಪುಸ್ತಕ ಬಿಡಿಸಿ, ಬಿಟ್ಟ ಪುಟ ಹುಡುಕತೊಡಗಿದರು. ನಾನು ಅವರಿಗೊಂದು ಲೋಟ ಟೀ ಕೊಟ್ಟು, ಉಳಿದೆರಡು ಲೋಟ ಬಚ್ಚಲಿಗೆ ಚೆಲ್ಲಿದೆ.