ಹೊಟ್ಟೆ ಬಿಟ್ಟ ಕಪಾಟು

ಖಾಲಿ ಮನೆಗಳ ಕೋಣೆಗಳನ್ನು ಫೋಟೊ ತೆಗೆದು, ಚಿತ್ರ ಮಾರುವ ವೆಬ್‌ಸೈಟಿಗೆ ಕಳಿಸುವುದು ಅವಳ ಕೆಲಸ. ಆ ಕಡೆ ಕೂತು ಚಿತ್ರಗಳನ್ನು ಪರೀಕ್ಷಿಸುವವರು ಯಾರೋ ಅವಳಿಗೆ ತಿಳಿಯದು. ಮೊಸರಲ್ಲಿ ಕಲ್ಲು ಹುಡುಕುವ ಪೈಕಿ ಎಂಬುದು ಮಾತ್ರ ಗೊತ್ತು. ಮೂಲೆಯ ನೆರಳಿನಲ್ಲಿ ಮರಳು ಉದುರಿಸಿದಂತೆ ಕಾಳು ಕಾಳಾಗಿ ಕಂಡರೆ ವಾಪಸ್. ಕಿಟಕಿಯ ಅಂಚಿಗೆ ಕೂದಲೆಳೆಯಷ್ಟು ನೇರಳೆ ಬಣ್ಣ ಅಂಟಿದ್ದರೆ ವಾಪಸ್. ಹಗಲ ಬೆಳಕೂ ಬಲ್ಬಿನ ಬೆಳಕೂ ಬೆರೆತು ಗೋಡೆ ಅರ್ಧ ನೀಲಿ, ಅರ್ಧ ಹಳದಿಯಾಗಿದ್ದರೆ ಕೇಳುವುದೇ ಬೇಡ. ಅವರಿಗೆ ಅವಳು ‘ಆನ್‌ಲೈನ್ ಅತ್ತೆ’ ಎಂದು ಹೆಸರಿಟ್ಟಿದ್ದಳು.

“ಅತ್ತೆ ಅನ್ನೋ ಪದದ ಮರ್ಯಾದೆ ತೆಗೀತೀಯಲ್ಲೇ,” ಎಂದು ಮನೆಯ ಅಸಲಿ ಅತ್ತೆ ಹೊಲಿಗೆ ಯಂತ್ರದ ಹಿಂದಿನಿಂದ ಗೊಣಗುತ್ತಿದ್ದರು. “ನೀನು ಮಾಡಿದ್ದನ್ನ ನಾನು ಯಾವತ್ತಾದ್ರೂ ವಾಪಸ್ ಕಳಿಸಿದ್ದೀನಾ?”

“ನೀವು ಪೂರ್ತಿ ತಿಂದು ಆಮೇಲೆ ಬೈತೀರಿ. ಅವರು ಬಾಯಿಗೇ ಇಡಲ್ಲ.”

ಬೈಸಿಕೊಂಡೇ ಅವಳ ಕಣ್ಣು ಪಳಗಿತ್ತು. ಈಚೆಗೆ ಅವಳ ಒಂದು ಚಿತ್ರವೂ ತಿರಸ್ಕೃತವಾಗಿರಲಿಲ್ಲ.

ಆ ಬೆಳಿಗ್ಗೆ ಕಂಪ್ಯೂಟರಿನಲ್ಲಿ ಹೊಸ ಮಲಗುವ ಕೋಣೆಯ ಚಿತ್ರ ತೆರೆದಳು. ಎಡ ಅಂಚಿನಲ್ಲಿ ನೆಲದಿಂದ ಚಾವಣಿಯವರೆಗೆ ಒಂದು ಕಪಾಟು. ಅದರ ಗೆರೆ ನಡುವೆ ಹೊರಕ್ಕೆ ಉಬ್ಬಿತ್ತು. ಕ್ಯಾಮೆರಾ ವಾಲಿದ್ದರೆ ಗೆರೆ ಓರೆಯಾಗಬೇಕು, ಬಾಗಬಾರದು. ಲೆನ್ಸ್ ಹಳೆಯದೇ, ಅದರ ಚಿತ್ರಗಳು ಎಂದೂ ಹೀಗೆ ಕಂಡಿರಲಿಲ್ಲ. ಇನ್ನೊಂದು ಚಿತ್ರ ತೆರೆದಳು. ಅಲ್ಲಿ ಬಾಗಿಲ ಚೌಕಟ್ಟು ಉಬ್ಬಿತ್ತು.

ಅವಳು ಮೌಸಿನಿಂದ ಕೈ ತೆಗೆದಳು.

ಅಮ್ಮನ ಕಣ್ಣು ಹೋಗಿದ್ದು ಹೀಗೆಯೇ. “ಈ ಬಾಗಿಲು ಹೊಟ್ಟೆ ಬಿಟ್ಟಿದೆ, ಬಡಗಿ ಮೋಸ ಮಾಡ್ದ” ಎಂದು ಅಮ್ಮ ಅವನನ್ನು ಕರೆಸಿ ಜಗಳವಾಡಿದ್ದಳು. ಬಡಗಿ ಅಳತೆಪಟ್ಟಿ ಇಟ್ಟು ತೋರಿಸಿದ. ಬಾಗಿಲು ನೆಟ್ಟಗಿತ್ತು. ಮನೆಯವರೆಲ್ಲ ನಕ್ಕರು, ಇವಳೂ ನಕ್ಕಳು. ಡೊಂಕಾದದ್ದು ಅಮ್ಮನ ಕಣ್ಣೊಳಗಿನ ಪರದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ ಕಾಲ ಮೀರಿತ್ತು. ಇದು ತಾಯಿಯಿಂದ ಮಕ್ಕಳಿಗೆ ಬರಬಹುದು ಎಂದೂ ಅವರು ಹೇಳಿದ್ದರು.

ಅವಳು ಒಂದು ಕಣ್ಣು ಮುಚ್ಚಿ ನೋಡಿದಳು, ಇನ್ನೊಂದು ಮುಚ್ಚಿ ನೋಡಿದಳು. ಉಬ್ಬು ಹಾಗೇ ಇತ್ತು. ಮನೆಯ ಬಾಗಿಲೇನೋ ನೆಟ್ಟಗೆ ಕಂಡಿತು. ಆದರೆ ಮೊದಮೊದಲು ಅಮ್ಮನಿಗೂ ಎಲ್ಲ ಗೆರೆಗಳು ಬಾಗಿ ಕಂಡಿರಲಿಲ್ಲ.

“ರೀ, ಇಲ್ಲಿ ನೋಡಿ. ಈ ಗೆರೆ ನೆಟ್ಟಗಿದ್ಯಾ?”

ಬಾಗಿಲ ಬಳಿ ಶೂ ಕಟ್ಟಿಕೊಳ್ಳುತ್ತಿದ್ದ ಗಂಡ ತಲೆಯೆತ್ತಿ, ಎತ್ತಿದಷ್ಟೇ ಬೇಗ ಇಳಿಸಿದ. “ನೆಟ್ಟಗಿಲ್ದೇ ಏನು? ನಿನ್ನ ಬುದ್ಧಿಗಿಂತ ನೆಟ್ಟಗಿದೆ.”

ಅವನು ನಗುತ್ತ ಕೆಲಸಕ್ಕೆ ಹೊರಟುಹೋದ. ಅವಳಿಗೆ ಮಾತ್ರ ಅದು ತೀರ್ಪಿನಂತೆ ಕೇಳಿಸಿತು. ಅವನಿಗೆ ನೆಟ್ಟಗೆ, ತನಗೆ ಡೊಂಕು.

ಅತ್ತೆಯ ಹೊಲಿಗೆ ಮೇಜಿನ ಮೇಲೆ ಮರದ ಸ್ಕೇಲ್ ಇತ್ತು. ಕಂಪ್ಯೂಟರಿನ ಪರದೆಗೆ ಒತ್ತಿ ಹಿಡಿದರೆ ಅಲ್ಲಿಗೆ ಇತ್ಯರ್ಥ. ಆದರೆ ಸ್ಕೇಲೇ ಬಾಗಿ ಕಂಡರೆ? ಅವಳು ಅದನ್ನು ಮುಟ್ಟಲಿಲ್ಲ. ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಮುಂದಿನ ವಾರಕ್ಕೆ ಸಮಯ ಕೇಳಿಕೊಂಡಳು. ಯಾರಿಗೂ ಹೇಳಲಿಲ್ಲ.

ಚಿತ್ರವನ್ನು ತಿದ್ದಲೂ ಕೈ ಬರಲಿಲ್ಲ. ನೆಟ್ಟಗಿರುವುದನ್ನೇ ಡೊಂಕು ಮಾಡಿಬಿಟ್ಟರೆ? ಇದ್ದದ್ದನ್ನು ಇದ್ದ ಹಾಗೆ ಕಳಿಸಿದಳು. ಕಳಿಸಿದ ಮೇಲೆ ಹೊಳೆಯಿತು: ಆನ್‌ಲೈನ್ ಅತ್ತೆ ಇದನ್ನು ಒಪ್ಪಿಕೊಂಡರೆ ಗೆರೆ ನೆಟ್ಟಗಿದೆ, ಕೆಟ್ಟಿರುವುದು ತನ್ನ ಕಣ್ಣು. ಜನ್ಮದಲ್ಲೇ ಮೊದಲ ಸಲ, ಬೈಯಲಿ ಎಂದು ಕಾದಳು.

ಮರುದಿನ ಮಧ್ಯಾಹ್ನ ಫೋನ್ ಟಿಂಗೆಂದಿತು. ಅವಳು ಅದನ್ನು ಅತ್ತೆಯ ಮುಂದೆ ಹಿಡಿದಳು. “ನೀವೇ ಓದಿ.”

ಅತ್ತೆ ಕನ್ನಡಕ ಏರಿಸಿದರು. “ಸ್ವೀಕರಿಸಿಲ್ಲ ಅಂತಿದೆ. ಪಾಪ.”

“ಯಾಕಂತೆ?”

“‘ಲೆನ್ಸ್ ದೋಷ. ಅಂಚಿನ ನೇರ ಗೆರೆಗಳು ಹೊರಕ್ಕೆ ಉಬ್ಬಿವೆ.’ ಹೋಗ್ಲಿ ಬಿಡು, ಅವರಿಗೇನು ಗೊತ್ತು…”

ಮಾತು ಮುಗಿಯುವ ಮೊದಲೇ ಸೊಸೆ ಅವರ ಕೊರಳಿಗೆ ಬಿದ್ದಿದ್ದಳು.

“ಅಯ್ಯೋ, ಸೂಜಿ ಇದೆ ಕಣೇ! ಬೈಸ್ಕೊಂಡು ಕುಣಿಯೋ ಸೊಸೇನ ಇವತ್ತೇ ನೋಡ್ದೆ!”

ಅವಳು ಎಲ್ಲವನ್ನೂ ಹೇಳಿದಳು. ಅತ್ತೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಕೇಳಿಸಿಕೊಂಡರು.

“ಒಬ್ಬಳೇ ಒದ್ದಾಡಿದ್ಯಾ? ಆನ್‌ಲೈನ್ ಅಲ್ಲದ ಅತ್ತೆ ಒಬ್ಬಳು ಮನೇಲಿದ್ದಾಳೆ, ಮರೀಬೇಡ.”

ಸಂಜೆ ವಿಷಯ ಕೇಳಿ ಗಂಡ ತಲೆ ಕೆರೆದುಕೊಂಡ. “ಭಾನುವಾರ ನಿನ್ನ ಫೋಟೊ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೆ. ಅದರಲ್ಲೇನಾದ್ರೂ…”

ಅದರಲ್ಲೇ. ಲೆನ್ಸಿನ ಉಬ್ಬನ್ನು ತಾನಾಗಿಯೇ ಸರಿಪಡಿಸುತ್ತಿದ್ದ ಆಯ್ಕೆ ಅಪ್‌ಡೇಟ್ ಆದಾಗ ಆಫ್ ಆಗಿಹೋಗಿತ್ತು. ಅವಳು ಅದಕ್ಕೆ ಮತ್ತೆ ಟಿಕ್ ಗುರುತು ಹಾಕಿದಳು. ಕಪಾಟು ಫೋಟೊಗೆ ನಿಂತವರಂತೆ ಹೊಟ್ಟೆ ಒಳಗೆಳೆದುಕೊಂಡಿತು.

“ಮತ್ತೆ ನಿನ್ನೆ ನೆಟ್ಟಗಿದೆ ಅಂದ್ರಲ್ಲ?”

“ನಾನು ನೋಡಿದ್ದು ನಿನ್ನ ಕಡೆ. ಕಪಾಟಿನ ಕಡೆ ಅಲ್ಲ.”

“ಬೆಣ್ಣೆ ಹಚ್ಬೇಡಿ. ನೀವು ನೋಡಿದ್ದು ಶೂ ಕಡೆ.”

ಡಾಕ್ಟರ ಬಳಿ ಕೇಳಿದ್ದ ಸಮಯವನ್ನು ಅವಳು ರದ್ದು ಮಾಡಲಿಲ್ಲ. ಗೆರೆ ಡೊಂಕಾಗಿತ್ತು ಎಂಬುದಷ್ಟೇ ಸಾಬೀತಾಗಿದ್ದು. ಮುಂದೊಂದು ದಿನ ಕಣ್ಣು ಕೆಡುವುದಿಲ್ಲ ಎಂದು ಯಾವ ಅತ್ತೆಯೂ ಬರೆದುಕೊಟ್ಟಿರಲಿಲ್ಲ. ತಾನೂ ಜೊತೆಗೆ ಬರುತ್ತೇನೆಂದು ಅಸಲಿ ಅತ್ತೆ ಆಗಲೇ ಹಟ ಹಿಡಿದಿದ್ದರು.

“ಅತ್ತೆ, ಆ ಸ್ಕೇಲ್ ಕೊಡಿ.”

ಪರದೆಗೆ ಒತ್ತಿ ಹಿಡಿದಳು. ಕಪಾಟಿನ ಗೆರೆ ಮೇಲಿಂದ ಕೆಳಗಿನವರೆಗೂ ಸ್ಕೇಲಿಗೆ ತಾಗಿಕೊಂಡೇ ಇಳಿಯಿತು.

“ನೋಡಾಯ್ತಾ?” ಅತ್ತೆ ಕೈ ಚಾಚಿದರು. “ಇನ್ನು ಇಲ್ಲಿ ಕೊಡು. ನನ್ನ ಗಿರಾಕೀನೂ ಹೊಲಿಗೆ ಡೊಂಕು ಅಂತ ವಾಪಸ್ ಕಳಿಸ್ಬಾರ್ದು.”