ಮೊದಲು ‘ಗೊತ್ತಿಲ್ಲ’ ಎಂದವರು

ಟೋಕಿಯೊದ ಕಾಂದಾದಲ್ಲಿ, ಹಳೇ ಪುಸ್ತಕದಂಗಡಿಗಳ ಸಾಲಿನ ಒಂದು ಮಾಳಿಗೆಯ ಮೇಲೆ ‘ಹಾಶಿ’ ಮಾಸಪತ್ರಿಕೆಯ ಕಚೇರಿ. ಹಾಶಿ ಅಂದರೆ ಸೇತುವೆ. ಸ್ವರ ಒಂಚೂರು ಏರುಪೇರಾದರೆ ಊಟದ ಕಡ್ಡಿ ಅಂತಲೂ ಆಗುತ್ತದೆ. ಪತ್ರಿಕೆ ಶುರುಮಾಡಿದವರ ಮನಸ್ಸಿನಲ್ಲಿದ್ದದ್ದು ವಿಜ್ಞಾನಕ್ಕೂ ತತ್ವಶಾಸ್ತ್ರಕ್ಕೂ ನಡುವಿನ ಸೇತುವೆ. ಅದರ ಕರೆಗೆ ಓಗೊಟ್ಟು ಬರುತ್ತಿದ್ದ ವಿದ್ವಾಂಸರ ಮನಸ್ಸಿನಲ್ಲಿ ಇದ್ದದ್ದು ಯಾವುದು ಎಂದು ಅವರ ಜೊತೆ ಊಟಕ್ಕೆ ಕೂತವರಿಗೆ ಬೇಗ ತಿಳಿಯುತ್ತಿತ್ತು.

ಪತ್ರಿಕೆಯ ಹೆಸರು ಉಳಿದಿದ್ದೇ ಪ್ರತಿ ತಿಂಗಳ ಜೋಡಿಮಾತಿನಿಂದ. ಇಬ್ಬರು ದೊಡ್ಡವರನ್ನು ಕರೆಸಿ, ಊಟ ಹಾಕಿಸಿ, ಒಂದು ಘನವಾದ ವಿಷಯದ ಮೇಲೆ ಮಾತಾಡಿಸಿ, ಆ ಮಾತನ್ನು ಧ್ವನಿಮುದ್ರಿಸಿಕೊಂಡು ಅಚ್ಚುಹಾಕುವುದು ಪದ್ಧತಿ. ಅಚ್ಚಿಗೆ ಮುಂಚೆ ಕರಡು ಇಬ್ಬರ ಮನೆಗೂ ಹೋಗಬೇಕು, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ನೋಡಬೇಕು. ನಮ್ಮನಿಮ್ಮಂಥವರು ಜಗಳವಾಡಿ ಮನೆಗೆ ಬಂದಮೇಲೆ ‘ಛೆ, ಹೀಗನ್ನಬೇಕಿತ್ತು’ ಎಂದು ಕೈಕೈ ಹಿಸುಕಿಕೊಳ್ಳುತ್ತೇವೆ. ಸೆನ್ಸೇಗಳಿಗೆ, ಅಂದರೆ ಗುರುವರ್ಯರಿಗೆ, ಆ ಕಷ್ಟವಿಲ್ಲ. ಹೀಗನ್ನಬೇಕಿತ್ತು ಅನ್ನಿಸಿದ್ದನ್ನೆಲ್ಲ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರೆ ಅಂದಂತೆಯೇ ಲೆಕ್ಕ. ಮಾತಿನ ಕೊನೆಗೆ ಕಂಸದೊಳಗೆ ‘ನಗು’ ಎಂದು ಬರೆದರೆ ಎದುರಿದ್ದವರು ಬಿದ್ದು ಬಿದ್ದು ನಕ್ಕಂತೆಯೇ ಲೆಕ್ಕ.

ಈ ಜೋಡಿಮಾತನ್ನು ನಡೆಸುತ್ತಿದ್ದವಳು ತೊಗಾವಾ ಶಿನೋ, ಸೆನ್ಸೇಗಳ ಬಾಯಲ್ಲಿ ‘ತೊಗಾವಾ ಸಾನ್’, ಅಂದರೆ ತೊಗಾವಾ ಅವರೇ. ವಿಶ್ವವಿದ್ಯಾಲಯ ಮುಗಿಸಿ ಬಂದ ವಸಂತದಿಂದ ಅದೇ ಕೆಲಸ. ಅಚ್ಚಿನಲ್ಲಿ ವಿದ್ವಾಂಸರ ಹೆಸರು ದಪ್ಪಕ್ಷರದಲ್ಲಿರುತ್ತದೆ. ನಡುವೆ ಪ್ರಶ್ನೆ ಕೇಳುವ ಸಂಪಾದಕಿಗೆ ಹೆಸರಿಲ್ಲ. ಹೆಸರಿನ ಜಾಗದಲ್ಲಿ ಒಂದು ಉದ್ದ ಗೆರೆ, ಅಷ್ಟೆ. ಶಿನೋ ಮದುವೆಯಾದಳು, ಗಂಡನನ್ನು ಬಿಟ್ಟಳು, ಕನ್ನಡಕ ಹಾಕಿದಳು, ಅಮ್ಮನನ್ನು ಕಳೆದುಕೊಂಡಳು. ‘ಹಾಶಿ’ಯಲ್ಲಿ ಮಾತ್ರ ಗೆರೆಯಾಗಿಯೇ ಉಳಿದಳು. ಬರುವ ಮಾರ್ಚಿಗೆ ನಿವೃತ್ತಿ. ಅವಳ ಕೊನೆಯ ಜೋಡಿಮಾತಿಗೆ ಒದಗಿದವರು ಭೌತವಿಜ್ಞಾನದ ಕಗೆಯಾಮಾ ಸೆನ್ಸೇ ಮತ್ತು ತತ್ವಶಾಸ್ತ್ರದ ಓಬಾತಾ ಸೆನ್ಸೇ. ಇಬ್ಬರಿಗೂ ಎಪ್ಪತ್ತು ದಾಟಿತ್ತು, ಇಬ್ಬರೂ ಎಣ್ಣೆ ಸೀಗೆಕಾಯಿ.

ವಿಷಯ ಕಾಲ. ಹಾವುಮೀನಿನ ಅಡುಗೆಗೆ ಹೆಸರಾದ ಮನೆಯೊಂದರ ಒಳಕೋಣೆಯಲ್ಲಿ ಕೂತು ಅವರು ಆಡಿದ್ದು ಬಹುಪಾಲು ಕಾಲಿನ ಮಾತು.

“ಮೆಟ್ಟಿಲು ಹತ್ತೋವಾಗ ಏನಿಲ್ಲ, ಇಳಿಯೋವಾಗ ಪ್ರಾಣ ಹೋಗುತ್ತೆ,” ಎಂದರು ಕಗೆಯಾಮಾ, ಮಂಡಿ ಒತ್ತಿಕೊಳ್ಳುತ್ತ.

“ನಂದು ಉಲ್ಟಾ. ಇಳಿಯೋದು ಸಲೀಸು,” ಎಂದರು ಓಬಾತಾ. “ಈ ಮೀನಿಗೆ ಸಾರು ಸ್ವಲ್ಪ ಸಿಹಿ ಜಾಸ್ತಿ ಆಯ್ತು ಅನ್ನಿಸಲ್ವಾ?”

ಇದರಿಂದ ಪತ್ರಿಕೆಯ ಹನ್ನೆರಡು ಪುಟ ತುಂಬಿಸುವುದು ಶಿನೋಗೆ ಹೊಸದಲ್ಲ. ಮಂಡಿಯ ಮಾತನ್ನು ‘ಕಾಲ ಒಂದೇ ದಿಕ್ಕಿಗೆ ಹರಿಯುವುದೇಕೆ’ ಎಂದು ತಿರುಗಿಸುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಅವತ್ತು ಊಟದ ಪೆಟ್ಟಿಗೆಗಳು ಖಾಲಿಯಾಗಿ, ಚಹಾ ಬಂದು, ಇಬ್ಬರೂ ಹೊಟ್ಟೆ ತುಂಬಿದ ಖುಷಿಯಲ್ಲಿ ಗೋಡೆಗೆ ಒರಗಿದ್ದಾಗ ಅವಳ ಬಾಯಿಂದ ಟಿಪ್ಪಣಿಯಲ್ಲಿಲ್ಲದ ಪ್ರಶ್ನೆಯೊಂದು ಬಂದುಬಿಟ್ಟಿತು.

“ಸೆನ್ಸೇ, ಒಂದು ಕೇಳ್ಲಾ? ನಮ್ಮಮ್ಮ ಹೋಗಿ ಒಂದು ವರ್ಷ ಆಯ್ತು. ಅಡುಗೆಮನೇಲಿ ಮೂಲಂಗಿ ಹೆಚ್ಚುತ್ತಾ, ಹಿಂದೆ ತಿರುಗದೇನೇ ನನ್ನ ಜೊತೆ ಮಾತಾಡ್ತಿದ್ರು. ಆ ಹೊತ್ತು ಈಗ ಎಲ್ಲಿದೆ?”

ಕಗೆಯಾಮಾ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು. ಅವಳನ್ನು ಅವತ್ತು ಮೊದಲ ಸಲ ನೋಡುತ್ತಿರುವವರ ಹಾಗೆ ನೋಡಿದರು.

“ಗೊತ್ತಿಲ್ಲ,” ಎಂದರು.

ಓಬಾತಾ ಗೋಡೆ ಬಿಟ್ಟು ನೆಟ್ಟಗೆ ಕೂತರು. ಆಮೇಲೆ, “ನಂಗೂ ಗೊತ್ತಿಲ್ಲ ಕಣಮ್ಮ,” ಎಂದರು.

ಮೂವರೂ ಚಹಾ ಕುಡಿದರು. ಯಾರೂ ಯಾರನ್ನೂ ಸೋಲಿಸಬೇಕಿರಲಿಲ್ಲ. ಕರಬೂಜದ ಹೋಳು ಬಂತು, ಮತ್ತೆ ಮಂಡಿನೋವಿನ ಮಾತು ಶುರುವಾಯಿತು. ಆದರೆ ಮನೆಗೆ ಹೋಗುವ ರೈಲಿನಲ್ಲಿ ಶಿನೋ ಕಂಬಿ ಹಿಡಿದು ನಿಂತೇ ಅತ್ತಳು. ಅಮ್ಮ ಹೋದಾಗ ಬಾರದಿದ್ದ ಅಳು. ಅದರಲ್ಲಿ ದುಃಖಕ್ಕಿಂತ ಸಮಾಧಾನವೇ ಹೆಚ್ಚಿತ್ತು. ಇಷ್ಟು ವರ್ಷ ಇಷ್ಟೊಂದು ತಿಳಿದವರ ಮಾತನ್ನು ಬರೆದುಕೊಂಡಿದ್ದೇನೆ, ಇವತ್ತು ಮಾತ್ರ ಯಾರೋ ನನ್ನ ಮಾತಿಗೆ ಉತ್ತರ ಕೊಟ್ಟರು ಎಂದುಕೊಂಡಳು. ಕೊನೆಯ ಸಂಚಿಕೆಯಲ್ಲಿ ಇದೊಂದು ಅಚ್ಚಾಗಬೇಕು. ಗೆರೆಯ ಹೆಸರಿನಲ್ಲೇ ಆಗಲಿ, ಅಮ್ಮನ ಮೂಲಂಗಿ ಅಚ್ಚಾಗಬೇಕು.

ಕರಡು ಹೋಯಿತು. ಮೊದಲು ತಿರುಗಿ ಬಂದದ್ದು ಕಗೆಯಾಮಾ ಅವರದು. ಹಾಳೆಯ ಮೇಲೆ ಅಚ್ಚಿನ ಅಕ್ಷರಕ್ಕಿಂತ ಕೆಂಪೇ ಜಾಸ್ತಿ. ಅವರು ಅಂದು ಒಂದಕ್ಷರವೂ ಆಡದ ಉಷ್ಣಶಾಸ್ತ್ರದ ಮೇಲೆ ಎರಡು ಪುಟ ಸೇರಿಸಿದ್ದರು. ನಡುವೆ ಓಬಾತಾರ ಬಾಯಲ್ಲಿ ‘ಓಹೋ, ಹಾಗೋ’ ಎಂಬ ಮಾತನ್ನು ಅಲ್ಲಲ್ಲಿ ಧಾರಾಳವಾಗಿ ತುರುಕಿದ್ದರು. ‘ಗೊತ್ತಿಲ್ಲ’ ಎಂಬುದನ್ನು ಹೊಡೆದುಹಾಕಿ ಅಲ್ಲಿ ಬರೆದಿದ್ದರು: ‘ಒಳ್ಳೆಯ ಪ್ರಶ್ನೆ. ಇದನ್ನು ಮೂರು ನೆಲೆಗಳಲ್ಲಿ ನೋಡಬಹುದು.’ ಓಬಾತಾರ ‘ನಂಗೂ ಗೊತ್ತಿಲ್ಲ’ವನ್ನು ಮುಟ್ಟಿರಲಿಲ್ಲ. ಮೂರು ನೆಲೆಗಳನ್ನು ಕೇಳಿಸಿಕೊಂಡೂ ಓಬಾತಾಗೆ ಏನೂ ತಿಳಿಯಲಿಲ್ಲ ಎಂಬಂತೆ ಅದು ಅಲ್ಲಿ ಒಂಟಿಯಾಗಿ ನಿಂತಿತ್ತು.

ಓಬಾತಾ ಅದನ್ನು ನೋಡಿ ಕೆಂಡವಾಗುತ್ತಾರೆ ಎಂದು ಶಿನೋ ಹೆದರಿದ್ದಳು. ಅವರು ಕೆಂಡವಾಗಲಿಲ್ಲ, ಅವರು ಇನ್ನೂ ಪಳಗಿದವರು. ‘ನಂಗೂ’ ಎಂಬುದನ್ನು ತಿದ್ದಿ ‘ನನಗೆ’ ಎಂದು ಮಾಡಿದರು. ‘ಕಣಮ್ಮ’ ಎಂಬುದನ್ನು ಹೊಡೆದುಹಾಕಿದರು. ಹಿಂದೆ ಒಂದೂವರೆ ಪುಟ ಗ್ರೀಕರು, ಮುಂದೆ ಒಂದೂವರೆ ಪುಟ ಜೆನ್ ಗುರುಗಳು, ನಡುವೆ ದೇವರ ಪಲ್ಲಕ್ಕಿಯ ಹಾಗೆ ತಮ್ಮ ‘ನನಗೆ ಗೊತ್ತಿಲ್ಲ’. ಅದರ ಕೆಳಗೆ ಕಗೆಯಾಮಾರ ಬಾಯಿಗೆ ಒಂದು ಮಾತನ್ನೂ ದಾನ ಮಾಡಿದ್ದರು: ‘ಸೋತೆ. ನಮ್ಮ ಕ್ಷೇತ್ರದಲ್ಲಿ ಹೀಗೆ ಹೇಳುವ ಎದೆಗಾರಿಕೆ ಯಾರಿಗೂ ಇಲ್ಲ (ನಗು).’

ಆ ಪ್ರತಿ ಕೈಸೇರಿದ ಮಾರನೆಯ ಬೆಳಿಗ್ಗೆ ಕಗೆಯಾಮಾ ಅವರ ಫೋನು.

“ತೊಗಾವಾ ಸಾನ್, ಇದೇನಿದು? ಗೊತ್ತಿಲ್ಲ ಅಂದಿದ್ದು ನಾನಲ್ವಾ?”

“ನೀವೇ ಹೊಡೆದುಹಾಕಿದ್ರಲ್ಲ, ಸೆನ್ಸೇ.”

“ಹೊಡೆದುಹಾಕ್ದೆ. ಹಾಗಂತ ಅವನು ಎತ್ಕೊಂಡು ಹೋಗೋದಾ? ಮೊದಲು ಗೊತ್ತಿಲ್ಲ ಅಂದೋನು ನಾನು. ಅವನು ‘ನಂಗೂ’ ಅಂದ. ನಂಗೂ ಅಂದ್ರೆ ಏನರ್ಥ? ನನ್ನ ಹಿಂದೆ ಬಂದ ಅಂತ ತಾನೆ? ಧ್ವನಿಮುದ್ರಣ ಇಟ್ಟಿದೀರಾ ಇಲ್ವಾ?”

“ಇದೆ, ಸೆನ್ಸೇ.”

“ಜೋಪಾನವಾಗಿಡಿ. ನಮ್ಮಲ್ಲಿ ಯಾರು ಮೊದಲು ಕಂಡುಹಿಡಿದ್ರು ಅನ್ನೋದು ಸಣ್ಣ ವಿಷಯ ಅಲ್ಲ.”

ಹೀಗೆ ಅಜ್ಞಾನದ ಹಕ್ಕುದಾರಿಕೆಯ ವ್ಯಾಜ್ಯ ಶುರುವಾಯಿತು. ಶಿನೋ ಯೋಕಾನ್ ಸಿಹಿಯ ಡಬ್ಬಿ ಹಿಡಿದು ಒಬ್ಬರ ಮನೆಗೆ ಹೋಗಿ ತಲೆ ಬಾಗಿಸುವುದು, ಇನ್ನೊಂದು ಡಬ್ಬಿ ಹಿಡಿದು ಇನ್ನೊಬ್ಬರ ಮನೆಗೆ ಹೋಗಿ ತಲೆ ಬಾಗಿಸುವುದು. ಜೀವಮಾನವೆಲ್ಲ ಎಲ್ಲವೂ ಗೊತ್ತಿದೆ ಎಂದು ಸಾಧಿಸಿದ ಇಬ್ಬರು ಗಂಡಸರು ಈಗ ಇನ್ನೊಬ್ಬನಿಗಿಂತ ತನಗೇ ಹೆಚ್ಚು ಗೊತ್ತಿಲ್ಲ ಎಂದು ಪಟ್ಟು ಹಿಡಿದಿದ್ದರು. ಕರಡಿನ ಹಾಳೆ ಹೋಗಿ ಬಂದಂತೆಲ್ಲ ‘ಗೊತ್ತಿಲ್ಲ’ ಬೆಳೆಯುತ್ತಲೇ ಇತ್ತು. ‘ಕಿಂಚಿತ್ತೂ ಗೊತ್ತಿಲ್ಲ’ ಆಯಿತು. ‘ಗೊತ್ತಿಲ್ಲ ಎಂದು ಹೇಳಲೂ ನನಗೆ ಗೊತ್ತಿಲ್ಲ’ ಆಯಿತು. ಅವತ್ತು ಆ ಕೋಣೆಯಲ್ಲಿ ಸದ್ದಿಲ್ಲದೆ ಬಂದಿದ್ದ ಒಂದೇ ಒಂದು ಪದ, ಈಗ ಬಿರುದುಬಾವಲಿ ಹೊತ್ತು ನಿಲ್ಲಲಾರದೆ ನಿಂತಿತ್ತು. ಶಿನೋಗೆ ನಗು ಬರುತ್ತಿತ್ತು. ನಗುತ್ತಲೇ, ಅಮ್ಮನ ಮೂಲಂಗಿ ಉಳಿದಿದೆಯೇ ಎಂದು ಪ್ರತಿ ಸಲ ಹಾಳೆ ತಿರುವಿ ನೋಡುತ್ತಿದ್ದಳು.

ಪ್ರಧಾನ ಸಂಪಾದಕ ಹಿರುಮಾ ರಾಜಿ ಮಾಡಿಸುವುದರಲ್ಲಿ ನಿಪುಣ. ವಿಷಯ ಯಾವುದೆಂದು ತಿಳಿಯುವ ಗೋಜಿಗೆ ಹೋಗದಿರುವುದೇ ಅವನ ನೈಪುಣ್ಯ.

“ಇಬ್ಬರೂ ಏಕಕಾಲಕ್ಕೆ ಅಂದ್ರು ಅಂತ ಹಾಕಿಬಿಡಿ,” ಎಂದ.

ಕಗೆಯಾಮಾ ಒಪ್ಪಲಿಲ್ಲ. “ಏಕಕಾಲ ಅನ್ನೋದೇ ಇಲ್ಲ ಅಂತ ಗೊತ್ತಾಗಿ ನೂರು ವರ್ಷದ ಮೇಲಾಯ್ತು. ನನ್ನ ಹೆಸರಲ್ಲಿ ಅಂಥಾ ಮಾತು ಅಚ್ಚಾದ್ರೆ ಶಿಷ್ಯಂದಿರು ನಗ್ತಾರೆ.”

ಓಬಾತಾರ ತಕರಾರು ಬೇರೆ. “ಇಬ್ಬರದ್ದೂ ಒಂದೇ ಗೊತ್ತಿಲ್ಲ ಅಲ್ಲ, ತೊಗಾವಾ ಸಾನ್. ಅವರದ್ದು ‘ಇನ್ನೂ ಗೊತ್ತಾಗಿಲ್ಲ’. ನಂದು ‘ಗೊತ್ತಾಗೋದೇ ಇಲ್ಲ’. ಎರಡನ್ನೂ ಒಂದೇ ತಟ್ಟೆಗೆ ಬಡಿಸಬಾರದು.”

ಕೊನೆಗೆ ಎಡಪುಟದ ತಲೆಯಲ್ಲಿ ಒಬ್ಬರದು, ಬಲಪುಟದ ತಲೆಯಲ್ಲಿ ಇನ್ನೊಬ್ಬರದು, ಎರಡೂ ಒಂದೇ ಎತ್ತರದಲ್ಲಿ, ಎರಡಕ್ಕೂ ಒಂದೊಂದು (ನಗು) ಎಂದು ತೀರ್ಮಾನವಾಯಿತು. ಪುಟ ತೆರೆದೊಡನೆ ಎರಡೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಯಾರು ಮೊದಲು ಎಂಬುದು ಓದುಗನ ಕಣ್ಣಿಗೆ ಬಿಟ್ಟದ್ದು. ಇಬ್ಬರೂ ಒಪ್ಪಿಗೆಯ ಮುದ್ರೆ ಒತ್ತಿದರು. ಅಷ್ಟರಲ್ಲಿ ಮುದ್ರಣಾಲಯದವನು ಬಾಗಿಲಲ್ಲಿ ನಿಂತಿದ್ದ, ಮತ್ತು ಬರಹ ಪುಟ ಮೀರಿ ಕೆಲವು ಸಾಲು ಉಕ್ಕಿತ್ತು.

“ಏನಾದ್ರೂ ತೆಗೀಬೇಕು,” ಎಂದ ಹಿರುಮಾ. “ಸೆನ್ಸೇಗಳ ಸಾಲು ಮುಟ್ಟೋ ಹಾಗಿಲ್ಲ.”

“ಚಿತ್ರ ಚಿಕ್ಕದು ಮಾಡೋಣ.”

“ಚಿತ್ರದಲ್ಲೂ ಸೆನ್ಸೇಗಳೇ ಇದಾರಲ್ರೀ.” ಅವನು ಹಾಳೆಯ ಮೇಲೆ ಬೆರಳಾಡಿಸಿದ. “ಇಲ್ಲಿದೆಯಲ್ಲ, ಗೆರೆದು. ಯಾರೋ ಅಮ್ಮ, ಮೂಲಂಗಿ, ಅದೂ ಇದೂ. ಇದು ಹೋದ್ರೆ ಸರಿಯಾಗಿ ಕೂತ್ಕೊಳುತ್ತೆ.”

“ಹಿರುಮಾ ಸಾನ್, ಅದು ಪ್ರಶ್ನೆ. ಅದಿಲ್ಲದಿದ್ರೆ ಅವರು ಏನು ಗೊತ್ತಿಲ್ಲ ಅಂತಿದಾರೆ?”

“ಅದಕ್ಕೇ ಇನ್ನೂ ಗಹನವಾಗುತ್ತೆ,” ಎಂದ ಹಿರುಮಾ, ನಿಜವಾಗಿಯೂ ಮೆಚ್ಚಿಕೊಂಡು.

ಶಿನೋ ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಮುದ್ರಣಾಲಯದವನು ಕೆಮ್ಮಿದ. ಇನ್ನೊಬ್ಬರು ಹೊಡೆದುಹಾಕುವುದಕ್ಕಿಂತ ತಾನೇ ಹೊಡೆದುಹಾಕುವುದು ಮೇಲೆಂದು, ಅಮ್ಮನ ಮೇಲೆ ತಾನೇ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು.

ಸಂಚಿಕೆ ಹೊರಬಂತು, ಊರೆಲ್ಲ ಹೊಗಳಿತು. ಇಂಥ ವಿನಯ ಇತ್ತೀಚೆಗೆ ಕಂಡದ್ದಿಲ್ಲ ಎಂದು ದಿನಪತ್ರಿಕೆಯೊಂದು ಬರೆಯಿತು. ಒಬ್ಬ ವಿಮರ್ಶಕ ಆ ಎರಡು ‘ಗೊತ್ತಿಲ್ಲ’ಗಳ ನಡುವಿನ ಖಾಲಿ ಜಾಗವನ್ನು ಇಡೀ ಅಂಕಣದಲ್ಲಿ ಕೊಂಡಾಡಿದ. ಹಿರುಮಾ ಉಬ್ಬಿಹೋಗಿ, ಪುಸ್ತಕದಂಗಡಿಯೊಂದರ ಮೇಲಿನ ಸಭಾಂಗಣದಲ್ಲಿ ಇಬ್ಬರನ್ನೂ ಜನರ ಮುಂದೆ ಕೂರಿಸಿದ. ಶಿನೋ ಅಷ್ಟರಲ್ಲಿ ನಿವೃತ್ತಳಾಗಿದ್ದಳು. ಇದೊಂದು ಸಲ ನಡೆಸಿಕೊಡಿ ಎಂದು ಗೋಗರೆದು ಕರೆಸಿದ್ದ.

ಸೆನ್ಸೇಗಳಿಬ್ಬರೂ ಅಚ್ಚಾದದ್ದನ್ನು ಚೆನ್ನಾಗಿ ಓದಿಕೊಂಡು ಬಂದಿದ್ದರು. ಅಂದು ಆಡದ ಮಾತನ್ನೆಲ್ಲ ಇಂದು ಆಡಿದರು. ಕಂಸದ ಜಾಗ ಬಂದಾಗ ತಪ್ಪದೆ ನಕ್ಕರು. ಹೀಗೆ ಎಲ್ಲ ಸಾಂಗವಾಗಿ ಮುಗಿಯುತ್ತಿರುವಾಗ ಮುಂದಿನ ಸಾಲಿನಲ್ಲಿ ಮಡಿಲ ಮೇಲೆ ಪತ್ರಿಕೆ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಕೈ ಎತ್ತಿದಳು.

“ಓದಿ ತುಂಬಾ ಸಂತೋಷ ಆಯ್ತು. ಎರಡೆರಡು ಸಲ ಓದಿದೆ, ಒಂದು ಮಾತ್ರ ಸಿಗಲಿಲ್ಲ. ನಿಮಗಿಬ್ಬರಿಗೂ ಗೊತ್ತಿಲ್ಲದಿದ್ದದ್ದು ಏನು?”

ಕಗೆಯಾಮಾ ಗಂಟಲು ಸರಿಮಾಡಿಕೊಂಡರು. “ಅದು ವಿಶ್ವದ ಬಗ್ಗೆ ಇರಬೇಕು.”

“ಒಟ್ಟಾರೆಯಾಗಿ,” ಎಂದರು ಓಬಾತಾ.

ಹೆಂಗಸು ಕಾಯುತ್ತಲೇ ಇದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಟವಾಡುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದರು. ಆಮೇಲೆ ಇಬ್ಬರೂ ಪಕ್ಕಕ್ಕೆ ತಿರುಗಿದರು. ಕಗೆಯಾಮಾ ಮೈಕಿನಿಂದ ಬಾಯಿ ಸರಿಸಿ, “ತೊಗಾವಾ ಸಾನ್, ಪ್ರಶ್ನೆ ಏನಿತ್ತು?” ಎಂದರು.

ಶಿನೋಗೆ ಅಮ್ಮನ ಬೆನ್ನು ಕಂಡಿತು, ಹಿಂದೆ ಕಟ್ಟಿದ ಏಪ್ರನ್ನಿನ ಗಂಟು ಕಂಡಿತು. ಮೂಲಂಗಿ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನಾಳೆ ಅದೂ ಕೆಂಪು ಶಾಯಿ ಹಚ್ಚಿಕೊಂಡು, ಯಾರದೋ ಅಮ್ಮನಾಗಿ, ಕಂಸದೊಳಗಿನ ನಗುವಾಗಿ ತಿರುಗಿ ಬರುತ್ತದೆ. ಕೊಡಬಾರದು ಅನ್ನಿಸಿತು. ಇವರಿಗೆ ಮಾತ್ರ ಕೊಡಬಾರದು.

“ಗೊತ್ತಿಲ್ಲ, ಸೆನ್ಸೇ,” ಎಂದಳು.

ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು. ಜನ ಘೊಳ್ಳೆಂದು ನಕ್ಕರು, ಚಪ್ಪಾಳೆ ತಟ್ಟಿದರು. ಸೆನ್ಸೇಗಳೂ ನಕ್ಕರು, ಕೊಂಚ ತಡವಾಗಿ. ಆ ಹೆಂಗಸು ಮಾತ್ರ ನಗಲಿಲ್ಲ. ಅವಳು ಶಿನೋಳನ್ನೇ ನೋಡುತ್ತಿದ್ದಳು.

ವಾರ ಕಳೆದ ಮೇಲೆ, ಶಿನೋ ಅಡುಗೆಮನೆಯಲ್ಲಿದ್ದಾಗ ಫೋನು ಬಂತು. ಕಗೆಯಾಮಾ ಅವರದು, ದನಿ ಬಲು ನಯವಾಗಿತ್ತು.

“ತೊಗಾವಾ ಸಾನ್, ಆರಾಮಾಗಿದೀರಾ? ಏನಿಲ್ಲ, ಆ ಸಭೆಯ ಕರಡು ಬಂದಿದೆ. ಕೊನೇಲಿ ಒಂದು ಮಾತು ಬಂತಲ್ಲ, ಜನ ಎಲ್ಲ ನಕ್ಕರಲ್ಲ. ಇದ್ರಲ್ಲಿ ಅದು ಗೆರೆ ಹೆಸರಲ್ಲಿದೆ. ನನ್ನ ನೆನಪಲ್ಲಿ ಅದನ್ನ ಅಂದಿದ್ದು ನಾನು. ನೀವು ಹೇಗೂ ಕೆಲಸ ಬಿಟ್ಟಿದೀರಿ, ನಿಮಗದು ಬೇಕಾಗಲ್ಲ. ಓಬಾತಾ ಕೇಳೋ ಮುಂಚೆ ನಾನೇ ಕೇಳಿಬಿಡೋಣ ಅಂತ.”

“ತಗೊಳ್ಳಿ, ಸೆನ್ಸೇ,” ಎಂದಳು ಶಿನೋ. “ಪ್ರಶ್ನೆ ಮಾತ್ರ ನೀವೇ ಹುಡುಕ್ಕೋಬೇಕು.”

ಅವಳು ಫೋನಿಟ್ಟಳು. ಮಣೆಯ ಮೇಲೆ ಅರ್ಧ ಹೆಚ್ಚಿದ ಮೂಲಂಗಿಯಿತ್ತು. ಮಿಕ್ಕದ್ದನ್ನು ಹೆಚ್ಚುತ್ತ, ಹಿಂದೆ ತಿರುಗದೆ, ಅಮ್ಮನಿಗೆ ಇದನ್ನೆಲ್ಲ ಹೇಳತೊಡಗಿದಳು.