ಅಯ್ಯನವರ ಕೊನೆಯ ಪ್ರಸಂಗ

"ಕೊಡೀಮ್ಮ ಫೋನು," ಎಂದು ಔಷಧಿ ಅಂಗಡಿಯವರು ಎರಡನೇ ಸಲ ಕೈಚಾಚಿದರು. "ಸ್ಪೀಕರ್‌ಗೆ ಸಿಕ್ಕಿಸಿ ಒಂದ್ಸಲ ನೋಡ್ಬಿಡ್ತೀನಿ. ಆಮೇಲೆ ಜನರೆದುರಿಗೆ ಕುಂಯ್ ಅಂದ್ರೆ ಮಾನ ಹೋಗುತ್ತೆ."

ಅಮ್ಮನವರು ಫೋನನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದರು. ಅದು ಅವರದಲ್ಲ, ಚರ್ಚಿನ ಪ್ರಸಂಗಪೀಠದ ಕೆಳಗೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ಗಂಡ, ಪಾದ್ರಿ ಅಯ್ಯನವರದು. ತಮ್ಮ ಸಾವಿನ ದಿನ ಪೀಠದಿಂದ ಹೇಳುವ ಪ್ರಸಂಗವನ್ನು ಬೇರೆ ಯಾರೋ ಬಂದು ಕೆಡಿಸಬಾರದೆಂದು ಅಯ್ಯನವರು ತಾವೇ ಮಾತಾಡಿ ಅದರಲ್ಲಿ ತುಂಬಿಟ್ಟು ಹೋಗಿದ್ದರು. ಆ ಪ್ರಸಂಗದಲ್ಲಿ ಒಂದು ತಪ್ಪಿತ್ತು. ಅದು ಗೊತ್ತಿದ್ದದ್ದು ಅಮ್ಮನವರೊಬ್ಬರಿಗೇ.

"ಕೊಡಿ ಅತ್ತಿಗೆ," ಎಂದಳು ಅಯ್ಯನವರ ತಂಗಿ. "ಅಣ್ಣನ ಕೊನೇ ಆಸೆ. ಅದನ್ನೂ ನಡೆಸ್ದೆ ಇದ್ರೆ ಜನ ಏನಂತಾರೆ?"

"ಯಾವ ಜನ?" ಎಂದರು ಅಮ್ಮನವರು.

ದೊಡ್ಡ ದೇವಾಲಯ, ಮುಂದಿನ ಎರಡು ಬೆಂಚೂ ತುಂಬಿರಲಿಲ್ಲ. ಬಡಗಿ ಪಕ್ಕದವರ ಕಿವಿಗೆ ಬಾಗಿದ. "ಬದುಕಿದ್ದಾಗಂತೂ ಬೇರೆಯವ್ರಿಗೆ ಬಾಯಿ ಬಿಡೋಕೆ ಬಿಡ್ಲಿಲ್ಲ ಪುಣ್ಯಾತ್ಮ. ಇವತ್ತಾದ್ರೂ ಯಾರೋ ಒಬ್ರು ನಾಲ್ಕು ಮಾತಲ್ಲಿ ಮುಗಿಸ್ತಾರೆ ಅಂದ್ಕೊಂಡಿದ್ದೆ."

"ಶ್! ಪೆಟ್ಟಿಗೆ ಎದುರಿಗೆ ಕೂತು ಆಡೋ ಮಾತಾ ಇದು?"

"ಪೆಟ್ಟಿಗೆ ಮಾಡಿದ್ದೇ ನಾನು. ಅದರೆದುರಿಗೆ ನಂಗೇನು ಭಯ?"

ಅಮ್ಮನವರು ಫೋನು ಕೊಟ್ಟರು. ಕೊಟ್ಟು, ಸ್ಪೀಕರಿನ ಪಕ್ಕದ ಕುರ್ಚಿಯಲ್ಲಿ ಕೂತರು.

*

ಸಭೆ ಮೊದಲಿನಿಂದ ಹೀಗಿರಲಿಲ್ಲ. ಅಯ್ಯನವರು ಬಂದ ಹೊಸದರಲ್ಲಿ ಜನ ಬಾಗಿಲ ಹೊರಗೂ ನಿಂತು ಕೇಳುತ್ತಿದ್ದರು. ಕಾಗದದ ಒಂದು ಚೂರೂ ಇಲ್ಲದೆ ಬೈಬಲಿನ ಅರಸರನ್ನೆಲ್ಲ ಕಣ್ಣೆದುರು ಸಾಲು ನಿಲ್ಲಿಸುತ್ತಿದ್ದರು ಅವರು. ಅದರಲ್ಲೂ ಸೊಕ್ಕಿ ಕೆಟ್ಟ ದೊರೆಗಳೆಂದರೆ ಅವರ ನಾಲಿಗೆಗೆ ಎಲ್ಲಿಲ್ಲದ ಕಳೆ. ತನಗೆ ತಾನೇ ಕಂಬ ನೆಡಿಸಿಕೊಂಡ ಸೌಲ, ಜನರನ್ನು ಎಣಿಸಿ ಬೀಗಿದ ದಾವೀದ, ದನದ ಹಾಗೆ ಹುಲ್ಲು ಮೇಯ್ದ ನೆಬೂಕದ್ನೆಚ್ಚರ. ಎಲ್ಲರಿಗಿಂತ ಹೆಚ್ಚಾಗಿ ಉಜ್ಜೀಯ. ಬಲ ಬಂದದ್ದೇ, ಯಾಜಕರು ಮಾಡುವ ಕೆಲಸವನ್ನೂ ನಾನೇ ಮಾಡುತ್ತೇನೆಂದು ಧೂಪ ಹಿಡಿದು ದೇವಾಲಯದೊಳಕ್ಕೆ ನುಗ್ಗಿದ ಅರಸ. ಅಲ್ಲೇ, ನಿಂತ ನಿಲುವಿನಲ್ಲೇ, ಹಣೆಯ ಮೇಲೆ ಕುಷ್ಠ ಎದ್ದಿತು. ಸಾಯುವವರೆಗೆ ಬೇರೆ ಮನೆಯಲ್ಲಿ ಒಬ್ಬನೇ ಇದ್ದ.

ಗಂಟೆ ಹೊಡೆಯುವವನು ಒಂದು ಭಾನುವಾರ ತಡವಾಗಿ ಬಂದ. ಮರುವಾರದಿಂದ ಹಗ್ಗ ಅಯ್ಯನವರ ಕೈಯಲ್ಲಿ. ಆರ್ಗನ್ ನುಡಿಸುವ ಟೀಚರಮ್ಮ ರಾಗ ಎಳೆದರೆಂದು ಅದೂ ಅಯ್ಯನವರಿಗೇ ಬಂತು. ಕೊನೆಗೆ ಉಳಿದದ್ದು ಉಪದೇಶಿ, ವಾರವಿಡೀ ಶಾಲೆಯ ವ್ಯಾನ್ ಓಡಿಸಿ ಭಾನುವಾರ ಬೈಬಲಿನ ಪಾಠ ಓದಿ ವಿವರಿಸುತ್ತಿದ್ದ ಮನುಷ್ಯ. ಒಂದು ಬೆಳಿಗ್ಗೆ ಆತ ಉಜ್ಜೀಯನ ಕತೆ ಹೇಳುತ್ತ ಬಾಯಿತಪ್ಪಿ ಹಿಜ್ಕೀಯ ಎಂದ.

"ನಿಲ್ಸು," ಎಂದರು ಅಯ್ಯನವರು. ತುಂಬಿದ ಸಭೆ. "ಹಿಜ್ಕೀಯ ಯಾರು? ಕಣ್ಣೀರಿಟ್ಟು ಬೇಡಿದ್ದಕ್ಕೆ ದೇವರು ಆಯಸ್ಸು ಕೂಡಿಸಿ ಕೊಟ್ಟ ಭಕ್ತ. ಅವನ ಹಣೆಗೆ ಕುಷ್ಠ ಮೆತ್ತೋಕೆ ನೀನ್ಯಾರು? ನಿಂಗೆ ಸ್ಟೇರಿಂಗೇ ಸರಿ. ಇಳಿ ಕೆಳಗೆ."

ಯಾರೋ ಕಿಸಕ್ಕೆಂದರು. ಉಪದೇಶಿ ಪುಸ್ತಕ ಮುಚ್ಚಿ ಇಳಿದ. ಹೆಂಡತಿ ಮಕ್ಕಳನ್ನು ಎಬ್ಬಿಸಿಕೊಂಡು ಬೆಂಚುಗಳ ನಡುವಿನ ದಾರಿಯಲ್ಲೇ ಹೊರಟುಹೋದ. ಮುಂದಿನ ವಾರಗಳಲ್ಲಿ ಅವನ ಹಿಂದೆ ಬೆಂಚುಗಟ್ಟಲೆ ಜನ ಹೋದರು.

"ಜೊಳ್ಳು ಹಾರಿಹೋಯ್ತು," ಎಂದು ಅಯ್ಯನವರು ಊಟಕ್ಕೆ ಕೂತಾಗ ಹೇಳಿದರು.

"ಅವರ ಮಗಳು ಅಳ್ತಾ ಹೋದ್ಳು ರೀ," ಎಂದರು ಅಮ್ಮನವರು. "ಒಂದು ಮಾತು ಹೋಗಿ ಕರೀಬಹುದಿತ್ತು."

"ನೀನು ಯಾವ ಸೆಮಿನರೀಲಿ ಬೈಬಲ್ ಓದಿದ್ದು?"

ಅಮ್ಮನವರು ತಟ್ಟೆ ಎತ್ತಿಕೊಂಡು ಎದ್ದರು. ಆಮೇಲೆ ಅವರು ಗಂಡನನ್ನು ತಿದ್ದಲು ಹೋಗಲಿಲ್ಲ.

*

ಕಾಯಿಲೆ ಬಿಗಡಾಯಿಸಿದ ಮೇಲೆ ಅಯ್ಯನವರು ಹಾಸಿಗೆಯ ಮೇಲೆ ದಿಂಬಿಗೊರಗಿ ಆ ಪ್ರಸಂಗ ಹೇಳಿದ್ದು. ಅಡುಗೆಮನೆಯ ಪಾತ್ರೆ ಸದ್ದು ಕೇಳುತ್ತದೆಂದು ಕೋಣೆಯ ಬಾಗಿಲು ಹಾಕಿಸಿದರು. ಅಮ್ಮನವರು ಒಲೆ ಆರಿಸಿ ಅಡುಗೆಮನೆಯಲ್ಲಿ ಕೈಕಟ್ಟಿ ಕೂತರು. ಗೋಡೆಯಾಚೆಯಿಂದ ಒಂದೊಂದು ಮಾತೂ ಕೇಳುತ್ತಿತ್ತು. ಉಜ್ಜೀಯನ ಜಾಗ ಬಂತು. ಅಯ್ಯನವರು ಹಿಜ್ಕೀಯ ಎಂದರು.

ಅಮ್ಮನವರು ಎದ್ದು ಬಾಗಿಲವರೆಗೆ ಹೋದರು. ಹಿಡಿಯ ಮೇಲೆ ಕೈಯಿಟ್ಟರು. ಒಳಗೆ ಧ್ವನಿ ನಡುಗುತ್ತಿದ್ದರೂ ನಿಲ್ಲಲಿಲ್ಲ. ಮತ್ತೆ ಹಿಜ್ಕೀಯ, ಮತ್ತೆ ಹಿಜ್ಕೀಯ. ಅಮ್ಮನವರು ಕೈ ತೆಗೆದರು. ಇರಲಿ, ಎಲ್ಲರೂ ಕೇಳಲಿ, ಎನ್ನಿಸಿತು. ಕೇಳಬೇಕಾದವನೂ ಬಂದು ಕೇಳಲಿ. ಹಾಗೆ ಅನ್ನಿಸಿದ್ದು ಬಾಯಲ್ಲಿ ಸಕ್ಕರೆ ಹರಳಿಟ್ಟುಕೊಂಡ ಹಾಗೆ ಬಹಳ ದಿನ ಸಿಹಿಯಾಗಿತ್ತು.

*

ಉಪದೇಶಿ ಬಂದಿದ್ದ. ಸ್ಪೀಕರು ಗೊರಗೊರ ಅಂದು ಧ್ವನಿ ಹಿಡಿಯುವ ಹೊತ್ತಿಗೆ ಕೊನೆಯ ಬೆಂಚಿನ ತುದಿಯಲ್ಲಿ ಕೂತದ್ದು ಅಮ್ಮನವರಿಗೆ ಕಂಡಿತು. ಕೂದಲು ನೆರೆತಿತ್ತು. ಅಂಗಿಗೆ ಇಸ್ತ್ರಿ ಹೊಡೆದಿದ್ದ.

"ಸಭೆಯವರೆಲ್ಲ ಎದ್ದು ನಿಲ್ಲಿ," ಎಂದಿತು ಅಯ್ಯನವರ ಧ್ವನಿ.

ಇದ್ದಷ್ಟು ಜನ ಹಿಂದೆಮುಂದೆ ನೋಡಿಕೊಂಡು ಎದ್ದರು. ಧ್ವನಿ ಸುಮ್ಮನಾಯಿತು. ಬಹಳ ಹೊತ್ತು ಸುಮ್ಮನಿತ್ತು. ಕೆಟ್ಟುಹೋಯಿತೇನೋ ಎಂದು ಔಷಧಿ ಅಂಗಡಿಯವರು ವೈರು ಮುಟ್ಟಿ ನೋಡಿದರು. ಕೆಟ್ಟಿರಲಿಲ್ಲ. ಅಷ್ಟೊಂದು ಬೆಂಚುಗಳು ಕಿರುಗುಟ್ಟಿ, ಅಷ್ಟೊಂದು ಜನ ಎದ್ದು, ಮಕ್ಕಳು ಸುಮ್ಮನಾಗುವುದಕ್ಕೆ ಬೇಕಾದಷ್ಟು ಹೊತ್ತು ಅಯ್ಯನವರು ಕಾದಿದ್ದರು. ಎಲ್ಲರೂ ಬರುತ್ತಾರೆಂದೇ ಅವರು ನಂಬಿದ್ದರು. ಅದು ಅಮ್ಮನವರಿಗೆ ಈಗ ಗೊತ್ತಾಯಿತು.

"ಕೂತುಕೊಳ್ಳಿ."

ಸೌಲ ಬಂದ, ಹೋದ. ದಾವೀದ ಬಂದ. ಕೊನೆಯ ಬೆಂಚಿನಲ್ಲಿ ಉಪದೇಶಿಯ ತುಟಿ ಅಲುಗುತ್ತಿತ್ತು. ಈ ಪ್ರಸಂಗಗಳು ಅವನಿಗೆ ಬಾಯಿಪಾಠ. ಅಯ್ಯನವರಿಗಿಂತ ಒಂದು ಮಾತು ಮುಂದೆಯೇ ಇದ್ದ. ಅವನ ಮುಖದಲ್ಲಿ ಸಿಟ್ಟು ಹುಡುಕಿದರು ಅಮ್ಮನವರು. ಸಿಗಲಿಲ್ಲ. ಕಳೆದುಹೋದ ಮನೆಯ ಕೋಣೆಗಳನ್ನು ಕಣ್ಣುಮುಚ್ಚಿ ನೆನೆಯುವವನ ಹಾಗಿದ್ದ.

"ಈಗ ಇನ್ನೊಬ್ಬ ಅರಸ," ಎಂದಿತು ಧ್ವನಿ.

ಅಮ್ಮನವರು ಕೈಚಾಚಿ ವೈರು ಕಿತ್ತರು.

"ಏನಾಯ್ತಮ್ಮ?" ಔಷಧಿ ಅಂಗಡಿಯವರು ಗಾಬರಿಬಿದ್ದರು.

"ಚಾರ್ಜು ಮುಗೀತು."

ಅವರು ಬಾಗಿ ಫೋನು ನೋಡಿದರು. ಚಾರ್ಜು ತುಂಬ ಇತ್ತು. ಅಮ್ಮನವರ ಮುಖ ನೋಡಿದರು. "ಹೌದೌದು, ಮುಗೀತು," ಎಂದು ಫೋನನ್ನು ಅವರ ಕೈಗೆ ಕೊಟ್ಟರು.

"ಉಪದೇಶಿಗಳೇ," ಎಂದು ಅಮ್ಮನವರು ಹಿಂದಕ್ಕೆ ಕೂಗಿದರು. ಅಷ್ಟು ಗಟ್ಟಿಯಾಗಿ ಅವರು ಆ ಗೋಡೆಗಳ ನಡುವೆ ಯಾವತ್ತೂ ಮಾತಾಡಿರಲಿಲ್ಲ. "ಬಂದು ಪ್ರಾರ್ಥನೆ ಮಾಡಿ."

"ನಾನಾ ಅಮ್ಮ? ಬೇಡ. ಅಯ್ಯನವರು ನನ್ನ ಕೆಳಗಿಳಿಸಿದಾರೆ."

"ಅವರೂ ಈಗ ಕೆಳಗೇ ಇದಾರೆ. ಬನ್ನಿ."

ಅಯ್ಯನವರ ತಂಗಿ ಮುಖ ತಿರುಗಿಸಿಕೊಂಡಳು. ಉಪದೇಶಿ ಬಂದ. ಪೀಠ ಹತ್ತಲಿಲ್ಲ, ಪೆಟ್ಟಿಗೆಯ ಪಕ್ಕದಲ್ಲೇ ನಿಂತ. "ಕರ್ತನೇ, ಇವರು ನಮಗೆ ಕಲಿಸಿದರು," ಎಂದ. ಅಷ್ಟಕ್ಕೇ "ಆಮೆನ್" ಎಂದುಬಿಟ್ಟ. "ಆಮೆನ್," ಎಂದ ಬಡಗಿ, ಎಲ್ಲರಿಗಿಂತ ಮೊದಲು.

*

ಮಣ್ಣು ಮುಚ್ಚಿ ಬಂದ ಮೇಲೆ ನಾದಿನಿ ಬಾಗಿಲಲ್ಲೇ ನಿಂತು, "ಇವತ್ತೊಂದು ದಿನ ಇರ್ಲಾ ಅತ್ತಿಗೆ?" ಎಂದಳು. ಕಾಲಿನ ಚಪ್ಪಲಿ ಬಿಟ್ಟಿರಲಿಲ್ಲ.

"ಹೊರಡು. ಬಸ್ಸು ತಪ್ಪುತ್ತೆ."

ಬಿಸಿಲು ಇನ್ನೂ ಅಡುಗೆಮನೆಯ ಗೋಡೆಯ ಮೇಲಿತ್ತು. ಅಮ್ಮನವರು ಫೋನನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತು ಒತ್ತಿದರು. ನಿಂತಲ್ಲಿಂದಲೇ ಧ್ವನಿ ಎದ್ದಿತು.

"ಬಲ ಬಂತು, ಅರಸನ ಎದೆ ಉಬ್ಬಿತು. ಯಾವ ಅರಸ? ಹಿಜ್ಕೀಯ!"

"ಅಲ್ಲ ರೀ," ಎಂದರು ಅಮ್ಮನವರು. "ಉಜ್ಜೀಯ."

ಧ್ವನಿ ಮುಂದಕ್ಕೆ ಹೋಯಿತು. ಹಿಜ್ಕೀಯ ಧೂಪ ಹಿಡಿದ, ಹಿಜ್ಕೀಯನ ಹಣೆ ಬೆಳ್ಳಗಾಯಿತು, ಹಿಜ್ಕೀಯನನ್ನು ಹೊರಗೆ ಕಳಿಸಿದರು. ಪ್ರತಿ ಸಲವೂ ಅಮ್ಮನವರು ಮೇಜಿನ ಕಡೆ ಇನ್ನಷ್ಟು ಬಾಗಿ, ಮಂಪರಿನಲ್ಲಿರುವ ರೋಗಿಗೆ ಹೇಳುವ ಹಾಗೆ, "ಉಜ್ಜೀಯ" ಎನ್ನುತ್ತಿದ್ದರು.

"ಸಭೆಯವರೇ, ನೀವು ಹೇಳಿ," ಎಂದಿತು ಧ್ವನಿ. "ಯಾರು ಆ ಅರಸ?"

ಮತ್ತೆ ಆ ಉದ್ದನೆಯ ಮೌನ.

"ಉಜ್ಜೀಯ ರೀ."

"ಕೇಳಿಸ್ಲಿಲ್ಲ," ಎಂದಿತು ಧ್ವನಿ. "ಎಲ್ಲರೂ ಸೇರಿ, ಇನ್ನೂ ಗಟ್ಟಿಯಾಗಿ."

ಅಮ್ಮನವರು ಎದ್ದರು. ಬೀದಿಯ ಕಡೆಯ ಕಿಟಕಿ ಮುಚ್ಚಿ ಚಿಲಕ ಹಾಕಿ ಬಂದು, ಮೇಜಿನ ಎದುರು ನಿಂತು, ಬಾಯಿ ತೆರೆದರು.